ನೀರಿಲ್ಲದ ಕಡೆ ನೈಟ್ರೋಸೇಷನ್: ಎರಡನೇ ಅಮೈನ್ ಅಣುವಿನ ಕೆಲಸ

ನೈಟ್ರೈಟ್, ಆಮ್ಲ, ಸೆಕೆಂಡರಿ ಅಮೈನ್ (ಸಾರಜನಕಕ್ಕೆ ಎರಡು ಇಂಗಾಲದ ಗುಂಪುಗಳೂ ಒಂದು ಹೈಡ್ರೋಜನ್ನೂ ಅಂಟಿದ ಅಣು) ಮೂರೂ ಒಂದೆಡೆ ಸೇರಿದರೆ ನೈಟ್ರೋಸಮೀನ್ ಹುಟ್ಟುತ್ತದೆ, ಈ ಕ್ರಿಯೆಯೇ ನೈಟ್ರೋಸೇಷನ್. ಆ ಮಿಶ್ರಣಕ್ಕೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಹಾಕಿದರೆ ನೈಟ್ರೈಟ್ ಅಮೈನನ್ನು ಮುಟ್ಟುವ ಮೊದಲೇ ಖರ್ಚಾಗಿಬಿಡುತ್ತದೆ, ನೈಟ್ರೋಸಮೀನ್ ಬಹಳ ಇಳಿಯುತ್ತದೆ. ಇದು ದಶಕಗಳಿಂದ ಗೊತ್ತಿದ್ದ ವಿಷಯ. 2007ರಲ್ಲಿ ಗ್ಲಾಸ್ಗೋದ ಸಂಶೋಧಕರು ಜಠರದೊಳಗಿನಂಥ ಆಮ್ಲೀಯ ದ್ರಾವಣವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿ, ಅದಕ್ಕೆ ಶೇಕಡಾ 10ರಷ್ಟು ಕೊಬ್ಬು ಸೇರಿಸಿ ನೋಡಿದರು. ಈಗ ಆಸ್ಕಾರ್ಬಿಕ್ ಆಮ್ಲ ತಡೆಯುವುದು ಹೋಗಲಿ, ನೈಟ್ರೋಸಮೀನನ್ನು ಹೆಚ್ಚಿಸಿತು. ಅದು ಇಲ್ಲದಿದ್ದಾಗ ಸಿಕ್ಕಿದ್ದಕ್ಕಿಂತ ಡೈಮೀಥೈಲ್ ನೈಟ್ರೋಸಮೀನ್ ಸುಮಾರು 8 ಪಟ್ಟು, ಡೈಈಥೈಲ್ ನೈಟ್ರೋಸಮೀನ್ ಸುಮಾರು 60 ಪಟ್ಟು, ಪಿಪೆರಿಡೀನ್ ಎಂಬ ಅಮೈನಿನಿಂದ ಆದದ್ದು ಸುಮಾರು 140 ಪಟ್ಟು.

ಬೆರೆಸಿದ ರಾಸಾಯನಿಕಗಳು ಅವೇ. ಬದಲಾದದ್ದು ಅವು ಓಡಾಡುವ ಜಾಗ, ನೀರಿನ ಪಕ್ಕದಲ್ಲೊಂದಿಷ್ಟು ಎಣ್ಣೆ. ನೈಟ್ರೋಸೇಷನ್ ಬಗ್ಗೆ ಪಠ್ಯಪುಸ್ತಕಗಳು ಹೇಳುವುದೆಲ್ಲ ಬಹುಪಾಲು ನೀರಿನಲ್ಲಿ ನಡೆಯುವ ಕತೆ. ಆಮ್ಲ ಬೇಕು, ಪ್ರತ್ಯಾಮ್ಲ ಹಾಕಿದರೆ ನಿಲ್ಲುತ್ತದೆ, ಕಡಿಮೆ ಪ್ರತ್ಯಾಮ್ಲೀಯ ಅಮೈನೇ ಬೇಗ ಕ್ರಿಯೆಗೆ ಬೀಳುತ್ತದೆ ಎಂಬ ಮೂರು ನಿಯಮಗಳನ್ನು ನಾವು ಬಾಯಿಪಾಠ ಮಾಡಿರುತ್ತೇವೆ. ಸೈಕ್ಲೋಹೆಕ್ಸೇನಿನಂಥ ಅಧ್ರುವೀಯ ದ್ರಾವಕಕ್ಕೆ, ಅಂದರೆ ಆವೇಶಗಳಿಗೆ ಆಸರೆ ಕೊಡದ ಎಣ್ಣೆಯಂಥ ದ್ರಾವಕಕ್ಕೆ, ಕಾಲಿಟ್ಟ ಕೂಡಲೇ ಮೂರೂ ಕೈಕೊಡುತ್ತವೆ. ಏಕೆಂದರೆ ಆ ನಿಯಮಗಳು ಹೇಳುತ್ತಿದ್ದದ್ದು ನೈಟ್ರೋಸೇಷನ್ನಿನ ಸ್ವಭಾವವನ್ನಷ್ಟೇ ಅಲ್ಲ, ನೀರು ತೆರೆಮರೆಯಲ್ಲಿ ಮಾಡುತ್ತಿದ್ದ ಕೆಲಸವನ್ನೂ. ನೀರಿಲ್ಲದ ಕಡೆ ಆ ಕೆಲಸವನ್ನು ಬೇರೆ ಯಾರೋ ವಹಿಸಿಕೊಳ್ಳಬೇಕು. ಯಾರು ವಹಿಸಿಕೊಂಡರು ಎಂಬುದನ್ನು ಕ್ರಿಯೆಯ ವೇಗವನ್ನು ಅಳೆದೇ ಪತ್ತೆ ಹಚ್ಚಬಹುದು. ಈ ಲೇಖನದ ಹುರುಳು ಅಲ್ಲಿದೆ.

ಇದರ ಹಿಂದಿನ ಕಾಳಜಿಯನ್ನೂ ಹೇಳಿಬಿಡುತ್ತೇನೆ. 1956ರಲ್ಲಿ ಮ್ಯಾಗೀ ಮತ್ತು ಬಾರ್ನ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಡೈಮೀಥೈಲ್ ನೈಟ್ರೋಸಮೀನ್ ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳು ಬೆಳೆಯುವುದನ್ನು ತೋರಿಸಿದರು. ಅಲ್ಲಿಂದೀಚೆಗೆ ಈ ಕುಟುಂಬದ ನೂರಾರು ಸಂಯುಕ್ತಗಳ ಪರೀಕ್ಷೆ ನಡೆದಿದೆ, ಬಹುಪಾಲು ಪ್ರಾಣಿಗಳಲ್ಲಿ ಕ್ಯಾನ್ಸರ್‌ಕಾರಕ ಎಂದು ಕಂಡುಬಂದಿವೆ. ಔಷಧಗಳಲ್ಲಿ ಡೈಮೀಥೈಲ್ ನೈಟ್ರೋಸಮೀನಿಗೆ ಈಗ ಇರುವ ಮಿತಿ ದಿನಕ್ಕೆ 96 ನ್ಯಾನೊಗ್ರಾಂ. ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೊಗ್ರಾಂ. ಇಷ್ಟು ಚಿಕ್ಕ ಪ್ರಮಾಣದ ಲೆಕ್ಕದಲ್ಲಿ ‘ಮುಖ್ಯ ಕ್ರಿಯೆ ಇಲ್ಲಿ ನಡೆಯುವುದಿಲ್ಲ’ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ. ಮೂಲೆಯಲ್ಲಿ ನಡೆಯುವ ಅಡ್ಡಕ್ರಿಯೆಯೂ ಸಾಕು.

ನೀರಿನಲ್ಲಿ ಏನಾಗುತ್ತದೆ

ನೈಟ್ರೋಸೇಷನ್ ಎಂದರೆ ಅಮೈನಿನ ಸಾರಜನಕದ ಮೇಲೆ ನೈಟ್ರೋಸೊ ಗುಂಪನ್ನು ಕೂರಿಸುವುದು. ಒಂದು ಸಾರಜನಕ, ಒಂದು ಆಮ್ಲಜನಕ, ಇಷ್ಟೇ ಆ ಗುಂಪು. ಅಮೈನ್ ತನ್ನ ಒಂಟಿ ಇಲೆಕ್ಟ್ರಾನ್ ಜೋಡಿಯನ್ನು ಮುಂದೊಡ್ಡುತ್ತದೆ, ಇನ್ನೊಂದು ಅಣು ನೈಟ್ರೋಸೊ ಗುಂಪನ್ನು ಬಿಟ್ಟುಕೊಡುತ್ತದೆ, ಅಮೈನಿನಲ್ಲಿದ್ದ ಒಂದು ಹೈಡ್ರೋಜನ್ ಪ್ರೋಟಾನಾಗಿ ಹೊರಡುತ್ತದೆ. ಆ ಹೊರಡುವ ಪ್ರೋಟಾನನ್ನು ನೆನಪಿಟ್ಟುಕೊಳ್ಳಿ. ಮುಂದಿನ ಗೊಂದಲವೆಲ್ಲ ಅದರದ್ದೇ.

ಆಮ್ಲೀಯ ನೀರಿನಲ್ಲಿ ನೈಟ್ರೈಟ್ ನೈಟ್ರಸ್ ಆಮ್ಲವಾಗುತ್ತದೆ. ಎರಡು ನೈಟ್ರಸ್ ಆಮ್ಲದ ಅಣುಗಳು ಸೇರಿ, ಒಂದು ನೀರಿನ ಅಣುವನ್ನು ಕಳಚಿ, ಡೈನೈಟ್ರೋಜನ್ ಟ್ರೈಆಕ್ಸೈಡ್ ಆಗುತ್ತವೆ. ನಿಜವಾಗಿ ಅಮೈನಿಗೆ ನೈಟ್ರೋಸೊ ಗುಂಪನ್ನು ದಾಟಿಸುವುದು ಈ ಟ್ರೈಆಕ್ಸೈಡ್. ಹಾಗಾಗಿ ದರದ ಸೂತ್ರದಲ್ಲಿ ನೈಟ್ರಸ್ ಆಮ್ಲ ವರ್ಗವಾಗಿ ಕಾಣಿಸುತ್ತದೆ:

ದರ = ಕ × [ಮುಕ್ತ ಅಮೈನ್] × [ನೈಟ್ರಸ್ ಆಮ್ಲ]²

ಕ ಎಂದರೆ ವೇಗಸ್ಥಿರಾಂಕ, ಚೌಕ ಆವರಣದೊಳಗಿನದು ಆ ವಸ್ತುವಿನ ಸಾರತೆ. ಇಲ್ಲಿ ‘ಮುಕ್ತ’ ಎಂಬ ಮಾತಿಗೆ ತೂಕವಿದೆ. ಆಮ್ಲದಲ್ಲಿ ಅಮೈನ್ ಪ್ರೋಟಾನ್ ಹಿಡಿದು ಅಮೋನಿಯಂ ಅಯಾನಾಗಿಬಿಡುತ್ತದೆ. ಹಾಗಾದಾಗ ಅದರ ಇಲೆಕ್ಟ್ರಾನ್ ಜೋಡಿ ಪ್ರೋಟಾನಿಗೆ ಮೀಸಲು, ನೈಟ್ರೋಸೇಷನ್ನಿಗೆ ಸಿಗುವುದಿಲ್ಲ. ಅಮೈನ್ ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ ಪಿಕೆಎ, ಡೈಮೀಥೈಲಮೀನಿನದ್ದು ಸುಮಾರು 10.7. ಪಿಹೆಚ್ 3.4ರಲ್ಲಿ ಅದರ ಎರಡು ಕೋಟಿ ಅಣುಗಳಲ್ಲಿ ಒಂದು ಮಾತ್ರ ಮುಕ್ತವಾಗಿರುತ್ತದೆ. ಮಾರ್ಫೋಲೀನ್ ಎಂಬ ಇನ್ನೊಂದು ಸೆಕೆಂಡರಿ ಅಮೈನಿನ ಪಿಕೆಎ ಸುಮಾರು 8.5. ಅದೇ ಪಿಹೆಚ್‌ನಲ್ಲಿ ಅದರ ಒಂದೂಕಾಲು ಲಕ್ಷ ಅಣುಗಳಲ್ಲಿ ಒಂದು ಮುಕ್ತ. ಟ್ರೈಆಕ್ಸೈಡ್ ಎಷ್ಟು ಚುರುಕಿನದೆಂದರೆ, ಮುಕ್ತವಾಗಿ ಸಿಕ್ಕ ಅಮೈನ್ ಯಾವುದಾದರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಯಾರು ಹೆಚ್ಚು ಮುಕ್ತವಾಗಿದ್ದಾರೋ ಅವರೇ ಮೊದಲು ಬಲಿ. ಮಾರ್ಫೋಲೀನ್ ಡೈಮೀಥೈಲಮೀನಿಗಿಂತ ನೂರಾರು ಪಟ್ಟು ಬೇಗ ನೈಟ್ರೋಸಮೀನಾಗುವುದಕ್ಕೆ ಕಾರಣ ಇದೇ ಹೊರತು ಅದರ ಸಾರಜನಕಕ್ಕೆ ಹೆಚ್ಚು ಆಸಕ್ತಿ ಇದೆ ಎಂದಲ್ಲ.

ಆಮ್ಲ ಹೆಚ್ಚಿದರೆ ಮುಕ್ತ ಅಮೈನ್ ಇಲ್ಲವಾಗುತ್ತದೆ, ಕಡಿಮೆಯಾದರೆ ನೈಟ್ರಸ್ ಆಮ್ಲವೇ ಇಲ್ಲವಾಗುತ್ತದೆ. ಎರಡರ ನಡುವೆ, ಪಿಹೆಚ್ 3ರಿಂದ 3.5ರ ಆಸುಪಾಸಿನಲ್ಲಿ, ವೇಗ ಶಿಖರ ಮುಟ್ಟುತ್ತದೆ. ಟ್ರೈಆಕ್ಸೈಡ್ ನೀರಿನಲ್ಲಿ ಬಹಳ ಹೊತ್ತು ಬದುಕುವುದೂ ಇಲ್ಲ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ ನೀರೇ ಅದನ್ನು ಒಡೆದುಹಾಕುತ್ತದೆ. ಅಂದರೆ ನೀರು ಇಲ್ಲಿ ಏಕಕಾಲಕ್ಕೆ ಹಲವು ಪಾತ್ರ ವಹಿಸುತ್ತಿದೆ: ಪ್ರೋಟಾನುಗಳನ್ನು ಹೊತ್ತು ತಿರುಗುವುದು, ಆವೇಶಗಳನ್ನು ಸುತ್ತುವರಿದು ತಣಿಸುವುದು, ಕ್ರಿಯಾಶೀಲ ಅಣುವನ್ನು ಕೊಲ್ಲುವುದು.

ಆವೇಶಕ್ಕೆ ಆಸರೆಯಿಲ್ಲದ ಊರು

ಈಗ ನೀರನ್ನು ತೆಗೆದು ಸೈಕ್ಲೋಹೆಕ್ಸೇನ್ ಸುರಿಯೋಣ. ಆವೇಶಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ಪಟ್ಟು ತಗ್ಗಿಸುತ್ತದೆ ಎಂದು ಹೇಳುವುದು ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದ್ದು ಸುಮಾರು 78, ಸೈಕ್ಲೋಹೆಕ್ಸೇನಿನದ್ದು ಸುಮಾರು 2. ಈ ಎರಡು ಅಂಕಿಗಳನ್ನು ಓದಿ ಮುಂದೆ ಹೋಗಿಬಿಡುವವರೇ ಹೆಚ್ಚು. ಅದನ್ನು ದೂರದ ಭಾಷೆಗೆ ತಂದರೆ ಅರ್ಥ ಬಿಚ್ಚಿಕೊಳ್ಳುತ್ತದೆ. ಒಂದು ಧನಾವೇಶವನ್ನೂ ಒಂದು ಋಣಾವೇಶವನ್ನೂ ಬೇರ್ಪಡಿಸಿ, ಅವುಗಳ ಆಕರ್ಷಣೆ ಉಷ್ಣಚಲನೆಯ ಮಟ್ಟಕ್ಕೆ ಇಳಿಯುವಷ್ಟು ದೂರ ಒಯ್ಯಬೇಕು ಎಂದುಕೊಳ್ಳಿ. ಕೋಣೆಯ ಉಷ್ಣತೆಯಲ್ಲಿ ನೀರಿನೊಳಗೆ ಆ ದೂರ ಸುಮಾರು 0.7 ನ್ಯಾನೊಮೀಟರ್, ಎರಡು ಮೂರು ನೀರಿನ ಅಣುಗಳಷ್ಟು. ಸೈಕ್ಲೋಹೆಕ್ಸೇನಿನಲ್ಲಿ ಅದೇ ದೂರ ಸುಮಾರು 28 ನ್ಯಾನೊಮೀಟರ್. ನೀರಿನಲ್ಲಿ ಎರಡು ಹೆಜ್ಜೆ ಇಟ್ಟರೆ ಪಾರಾಗುವ ಅಯಾನು ಇಲ್ಲಿ ಎಂಬತ್ತು ಹೆಜ್ಜೆ ನಡೆದರೂ ಇನ್ನೂ ಜೋಡಿಯ ಸೆಳೆತದಲ್ಲೇ ಇರುತ್ತದೆ.

ಇದರ ಪರಿಣಾಮ ನೇರ. ಮುಕ್ತ ಪ್ರೋಟಾನ್ ಎಂಬುದೇ ಇಲ್ಲಿಲ್ಲ, ಪಿಹೆಚ್ ಎಂಬ ಅಳತೆಗೂ ಅರ್ಥವಿಲ್ಲ. ನೈಟ್ರೋಸೋನಿಯಂ ಅಯಾನು, ಅಂದರೆ ಧನಾವೇಶ ಹೊತ್ತ ನೈಟ್ರೋಸೊ ಗುಂಪು, ಒಂಟಿಯಾಗಿ ತೇಲಾಡುವುದಿಲ್ಲ. ಅಮೋನಿಯಂ ಲವಣ ಉಂಟಾದರೂ ಅದು ಅಯಾನುಗಳಾಗಿ ಬಿಡಿಸಿಕೊಳ್ಳದೆ ಜೋಡಿಯಾಗಿ, ಗುಂಪಾಗಿ, ಕೆಲವೊಮ್ಮೆ ತಳದಲ್ಲಿ ಪುಡಿಯಾಗಿ ಕೂರುತ್ತದೆ. ಆದರೆ ಅಮೈನಿಗೆ ಇದು ಬಿಡುಗಡೆ. ಅದನ್ನು ಹಿಡಿದಿಡುವ ಪ್ರೋಟಾನುಗಳೇ ಇಲ್ಲದ ಮೇಲೆ ಎರಡು ಕೋಟಿಯಲ್ಲಿ ಒಂದಲ್ಲ, ಎಲ್ಲ ಅಣುಗಳೂ ಮುಕ್ತ. ಆಗ ಯಾರ ಇಲೆಕ್ಟ್ರಾನ್ ಜೋಡಿ ನಿಜಕ್ಕೂ ಬಲಿಷ್ಠ ಎಂಬುದು ಮೊದಲ ಬಾರಿಗೆ ಹೊರಬೀಳುತ್ತದೆ. ಪಿರೋಲಿಡೀನ್, ಪಿಪೆರಿಡೀನ್ ಮುಂದೆ ಬರುತ್ತವೆ, ಆಮ್ಲೀಯ ನೀರಿನಲ್ಲಿ ಮೆರೆದ ಮಾರ್ಫೋಲೀನ್ ಹಿಂದೆ ಸರಿಯುತ್ತದೆ. ನೀರಿನಲ್ಲಿ ಕಂಡ ಸಾಲು ಹೀಗೆ ಬುಡಮೇಲಾಗುವುದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಹಿಡಿಸುವ ಭಾಗ. ಒಂದು ಅಣುವಿನ ಗುಣ ಎಂದು ನಾವು ಬರೆದಿಟ್ಟುಕೊಂಡದ್ದು ವಾಸ್ತವದಲ್ಲಿ ಅಣು ಮತ್ತು ದ್ರಾವಕ ಎರಡೂ ಸೇರಿದ ಗುಣ.

ಪ್ರೋಟಾನನ್ನು ಯಾರು ಸಾಗಿಸುತ್ತಾರೆ

ಅಧ್ರುವೀಯ ದ್ರಾವಕದಲ್ಲಿ ನೈಟ್ರೋಸೇಷನ್ನನ್ನು ಅಭ್ಯಾಸ ಮಾಡಲು ಆಲ್ಕೈಲ್ ನೈಟ್ರೈಟುಗಳು ಹೇಳಿಮಾಡಿಸಿದಂತಿವೆ. ಇವು ಆಲ್ಕೋಹಾಲಿನ ಆಮ್ಲಜನಕಕ್ಕೆ ನೈಟ್ರೋಸೊ ಗುಂಪು ಅಂಟಿದ ಅಣುಗಳು. ಎಣ್ಣೆಯಂಥ ದ್ರಾವಕಗಳಲ್ಲಿ ಸಲೀಸಾಗಿ ಕರಗುತ್ತವೆ, ಆಮ್ಲ ಬೇಕಾಗಿಲ್ಲ. ಸ್ಪೇನಿನ ಗಾರ್ಸಿಯಾ ರಿಯೊ, ಲೇಯಿಸ್, ಇಗ್ಲೇಸಿಯಾಸ್ ಮೊದಲಾದವರು 1997ರಲ್ಲಿ ಪ್ರಕಟಿಸಿದ ಕೆಲಸ ಈ ದಾರಿಯಲ್ಲಿ ದೊಡ್ಡದು. ಸೆಕೆಂಡರಿ ಅಮೈನುಗಳ ನೈಟ್ರೋಸೇಷನ್ ನೀರಿಲ್ಲದ ದ್ರಾವಕಗಳಲ್ಲಿ ಒಂದೇ ನೆಗೆತದಲ್ಲಿ ಮುಗಿಯದೆ ಹಂತಹಂತವಾಗಿ ನಡೆಯುತ್ತದೆ, ದ್ರಾವಕ ಬದಲಾದರೆ ಕ್ರಿಯಾವಿಧಾನವೂ ಬದಲಾಗುತ್ತದೆ ಎಂದು ಅವರು ವೇಗದ ಅಳತೆಗಳಿಂದಲೇ ವಾದಿಸಿದರು.

ಹಂತಗಳು ಹೀಗಿವೆ. ಮೊದಲು ಅಮೈನ್ ಬಂದು ನೈಟ್ರೈಟಿನ ಸಾರಜನಕವನ್ನು ಹಿಡಿಯುತ್ತದೆ. ಆಗ ಹುಟ್ಟುವುದು ಒಂದು ವಿಚಿತ್ರ ಮಧ್ಯವರ್ತಿ: ಅಮೈನಿನ ಸಾರಜನಕದ ಮೇಲೆ ಧನಾವೇಶ, ನೈಟ್ರೋಸೊ ಆಮ್ಲಜನಕದ ಮೇಲೆ ಋಣಾವೇಶ, ಎರಡೂ ಒಂದೇ ಅಣುವಿನಲ್ಲಿ. ನೀರಾಗಿದ್ದರೆ ಸುತ್ತಲಿನ ಅಣುಗಳು ಈ ಎರಡೂ ಆವೇಶಗಳನ್ನು ಅಪ್ಪಿ ಸಮಾಧಾನಪಡಿಸುತ್ತಿದ್ದವು. ಸೈಕ್ಲೋಹೆಕ್ಸೇನಿಗೆ ಆ ಶಕ್ತಿಯಿಲ್ಲ. ಹಾಗಾಗಿ ಮಧ್ಯವರ್ತಿ ಬಹುಪಾಲು ಬಂದ ದಾರಿಯಲ್ಲೇ ಹಿಂತಿರುಗಿ ಅಮೈನ್ ಮತ್ತು ನೈಟ್ರೈಟಾಗಿ ಒಡೆಯುತ್ತದೆ.

ಮುಂದೆ ಹೋಗಬೇಕಾದರೆ ಧನಾವೇಶದ ಸಾರಜನಕದ ಮೇಲಿರುವ ಪ್ರೋಟಾನ್, ಬಿಟ್ಟುಹೋಗಬೇಕಾದ ಆಲ್ಕೋಹಾಲಿನ ಆಮ್ಲಜನಕಕ್ಕೆ ತಲುಪಬೇಕು. ಆಗ ಆ ತುಂಡು ಆಲ್ಕಾಕ್ಸೈಡ್ ಅಯಾನಾಗಿ ಅಲ್ಲದೆ ಆವೇಶರಹಿತ ಆಲ್ಕೋಹಾಲಾಗಿ ಹೊರಬೀಳಬಹುದು, ಉಳಿದದ್ದು ನೈಟ್ರೋಸಮೀನ್. ಆದರೆ ಸಾರಜನಕದಿಂದ ಆಮ್ಲಜನಕಕ್ಕೆ ನೇರ ಜಿಗಿತ ಎಂದರೆ ನಾಲ್ಕು ಪರಮಾಣುಗಳ ಬಿಗಿಯಾದ ಉಂಗುರದ ಮೂಲಕ ನುಸುಳುವುದು. ಸಾಧ್ಯ, ಆದರೆ ಕಷ್ಟ. ಈ ಹೊತ್ತಿನಲ್ಲಿ ಇನ್ನೊಂದು ಅಮೈನ್ ಅಣು ಪಕ್ಕಕ್ಕೆ ಬಂದರೆ ಕೆಲಸ ಹಗುರಾಗುತ್ತದೆ. ಅದು ಒಂದು ಕಡೆಯಿಂದ ಆ ಪ್ರೋಟಾನನ್ನು ಸ್ವೀಕರಿಸುತ್ತದೆ, ಇನ್ನೊಂದು ಕಡೆಯಿಂದ ತನ್ನದೇ ಹೈಡ್ರೋಜನ್ ಒಂದನ್ನು ಆಮ್ಲಜನಕಕ್ಕೆ ಕೊಡುತ್ತದೆ. ಉಂಗುರ ಈಗ ಆರು ಪರಮಾಣುಗಳದ್ದು, ಬಿಗಿತ ಸಡಿಲ. ಎರಡನೇ ಅಮೈನ್ ಕೊನೆಗೆ ಹೇಗೆ ಬಂದಿತ್ತೋ ಹಾಗೇ ಹೊರನಡೆಯುತ್ತದೆ. ನೀರು ಸದ್ದಿಲ್ಲದೆ ಮಾಡುತ್ತಿದ್ದ ಪ್ರೋಟಾನ್ ಸಾಗಣೆಯನ್ನು ಇಲ್ಲಿ ಕೈಗೆತ್ತಿಕೊಂಡದ್ದು ಅಮೈನೇ. ಒಂದೇ ಹೆಸರು, ಎರಡು ಕೆಲಸ: ಮೊದಲ ಅಣು ದಾಳಿ ಮಾಡುತ್ತದೆ, ಎರಡನೆಯದು ವೇಗವರ್ಧಕ.

ಇದು ಬರೀ ಕಲ್ಪನೆಯ ಚಿತ್ರ ಅಲ್ಲವೆಂದು ಹೇಗೆ ಗೊತ್ತು? ಅಣುಗಳನ್ನು ಕಣ್ಣಾರೆ ನೋಡಿದವರಿಲ್ಲ. ಆದರೆ ಎರಡು ಅಮೈನುಗಳು ಬೇಕು ಎಂದಾದರೆ, ವೇಗದ ಸೂತ್ರದಲ್ಲಿ ಅಮೈನಿನ ವರ್ಗ ಕಾಣಿಸಿಕೊಳ್ಳಲೇಬೇಕು:

ದರ = [ನೈಟ್ರೈಟ್] × (ಕ₁[ಅಮೈನ್] + ಕ₂[ಅಮೈನ್]²)

ಮೊದಲ ಪದ ಒಂಟಿಯಾಗಿ ನುಸುಳುವ ದಾರಿ, ಎರಡನೆಯದು ಜೊತೆಗಾರನ ನೆರವಿನ ದಾರಿ. ಇವನ್ನು ಬೇರ್ಪಡಿಸುವುದು ಪ್ರಯೋಗದ ಕೆಲಸ.

ಒಂದು ಕುವೆಟ್ಟಿನೊಳಗೆ

ಬೆರಳಗಲದ ಕ್ವಾರ್ಟ್ಜ್ ಕುವೆಟ್ಟಿನಲ್ಲಿ, ಅಂದರೆ ಚಿಕ್ಕ ಪಾರದರ್ಶಕ ಪಾತ್ರೆಯಲ್ಲಿ, ಆಲ್ಕೈಲ್ ನೈಟ್ರೈಟಿನ ತೆಳು ದ್ರಾವಣ, ಲೀಟರಿಗೆ ಒಂದು ಮಿಲಿಮೋಲಿನಷ್ಟು. ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟರೆ 330ರಿಂದ 400 ನ್ಯಾನೊಮೀಟರ್ ನಡುವೆ ಒಂದರ ಪಕ್ಕ ಒಂದು ನಿಂತ ಶಿಖರಗಳು ಕಾಣುತ್ತವೆ, ಬಿಡಿಸಿದ ಕೈಬೆರಳುಗಳಂತೆ. ನೀರಿನಲ್ಲಿ ಕಲಸಿಹೋಗುವ ಈ ಬೆರಳುಗಳು ಅಧ್ರುವೀಯ ದ್ರಾವಕದಲ್ಲಿ ಸ್ಪಷ್ಟವಾಗಿ ಮೂಡುತ್ತವೆ, ಏಕೆಂದರೆ ಅಣುವನ್ನು ಹಿಡಿದೆಳೆಯುವ ಹೈಡ್ರೋಜನ್ ಬಂಧಗಳು ಇಲ್ಲಿಲ್ಲ. ಈಗ ಅಮೈನ್ ಸೇರಿಸಿ, ನೈಟ್ರೈಟಿಗಿಂತ ಹತ್ತಾರು ಪಟ್ಟು ಹೆಚ್ಚು. ಬೆರಳುಗಳು ನಿಧಾನವಾಗಿ ಕುಗ್ಗುತ್ತವೆ, ನೈಟ್ರೋಸಮೀನಿನ ಅಗಲವಾದ ದಿಬ್ಬ ಏಳುತ್ತದೆ. ನೀರಿನಲ್ಲಿ 330 ನ್ಯಾನೊಮೀಟರ್ ಆಸುಪಾಸಿನಲ್ಲಿರುವ ಆ ದಿಬ್ಬ ಹೆಕ್ಸೇನಿನಂಥ ದ್ರಾವಕದಲ್ಲಿ 360ರ ಕಡೆಗೆ ಸರಿದಿರುತ್ತದೆ.

ಅಮೈನ್ ಅಷ್ಟೊಂದು ಇರುವುದರಿಂದ ಅದರ ಸಾರತೆ ಪ್ರಯೋಗದುದ್ದಕ್ಕೂ ಬದಲಾಗುವುದಿಲ್ಲವೆಂದೇ ಎಣಿಸಬಹುದು. ಆಗ ನೈಟ್ರೈಟ್ ಕುಗ್ಗುವ ವೇಗ ಉಳಿದಿರುವ ನೈಟ್ರೈಟಿಗೆ ಮಾತ್ರ ಅನುಪಾತದಲ್ಲಿರುತ್ತದೆ, ಅದರಿಂದ ಒಂದು ವೇಗಸ್ಥಿರಾಂಕ ಸಿಗುತ್ತದೆ. ಅಮೈನಿನ ಸಾರತೆ ಬದಲಿಸಿ ಮತ್ತೆ ಅಳೆಯಬೇಕು. ಲೆಕ್ಕ ಹಿಡಿಯಲು ಸುಲಭವಾಗುವಂತೆ ನಾನೇ ಆರಿಸಿಕೊಂಡ ಅಂಕಿಗಳನ್ನು ನೋಡಿ, ಇವು ಯಾವುದೇ ನಿರ್ದಿಷ್ಟ ಅಮೈನಿನವಲ್ಲ. ಅಮೈನ್ 0.01 ಮೋಲಾರ್ ಇದ್ದಾಗ ಸೆಕೆಂಡಿಗೆ 0.0002 ಬಂತು. 0.02 ಮಾಡಿದಾಗ 0.0006. 0.04 ಮಾಡಿದಾಗ 0.0020. ಅಮೈನ್ ಎರಡು ಪಟ್ಟಾದರೆ ವೇಗ ಎರಡು ಪಟ್ಟಾಗಬೇಕಿತ್ತು, ಮೂರು ಪಟ್ಟಾಗಿದೆ. ಮತ್ತೆ ಎರಡು ಪಟ್ಟಾದಾಗ ಮೂರೂ ಮೀರಿದೆ. ಪ್ರತಿಯೊಂದನ್ನೂ ಆಯಾ ಅಮೈನ್ ಸಾರತೆಯಿಂದ ಭಾಗಿಸಿದರೆ 0.02, 0.03, 0.05 ಬರುತ್ತವೆ. ಇವನ್ನು ಅಮೈನ್ ಸಾರತೆಯ ಎದುರು ಗುರುತಿಸಿದರೆ ಸರಳರೇಖೆ. ಅದು ಲಂಬಾಕ್ಷವನ್ನು ಕಡಿಯುವ ಬಿಂದು 0.01, ಅದೇ ಕ₁. ಅದರ ಇಳಿಜಾರು 1, ಅದೇ ಕ₂. ಕಡಿಯುವ ಬಿಂದುವಿನಲ್ಲಿ ಒಂಟಿ ಅಮೈನಿನ ದಾರಿ, ಇಳಿಜಾರಿನಲ್ಲಿ ಜೊತೆಗಾರನ ದಾರಿ. ಕಾಣದ ಎರಡನೇ ಅಣು ಕಾಗದದ ಮೇಲೆ ಒಂದು ಓರೆಗೆರೆಯಾಗಿ ಮೂಡಿತು.

ರೇಖೆ ಎಲ್ಲ ಕಾಲಕ್ಕೂ ನೆಟ್ಟಗಿರುವುದಿಲ್ಲ, ಮತ್ತು ಬಾಗಿದಾಗಲೇ ಅದು ಹೆಚ್ಚು ಮಾತಾಡುತ್ತದೆ. ಅಮೈನನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಪ್ರೋಟಾನ್ ಸಾಗಣೆ ಎಷ್ಟು ಸಲೀಸಾಗುತ್ತದೆಂದರೆ, ಹುಟ್ಟಿದ ಮಧ್ಯವರ್ತಿಗೆ ಹಿಂತಿರುಗಲು ಪುರುಸೊತ್ತೇ ಸಿಗುವುದಿಲ್ಲ. ಆಗ ಮೊದಲ ದಾಳಿಯೇ ನಿಧಾನದ ಹಂತ. ಅದಕ್ಕೆ ಬೇಕಾದದ್ದು ಒಂದೇ ಅಮೈನ್. ಹಾಗಾಗಿ ರೇಖೆ ಕೆಳಗೆ ಬಾಗಿ ಸಮತಟ್ಟಾಗುತ್ತದೆ. ಒಂದೇ ನೆಗೆತದ ಕ್ರಿಯೆಯಲ್ಲಿ ಈ ಬಾಗು ಬರಲು ಕಾರಣವಿಲ್ಲ. ನಡುವೆ ಯಾವುದೋ ಒಂದು ಅಣು ಹುಟ್ಟಿ, ಮುಂದೆ ಹೋಗುವುದೋ ಹಿಂದೆ ಹೋಗುವುದೋ ಎಂದು ನಿಂತಿತ್ತು ಎಂಬುದಕ್ಕೆ ಬಾಗಿದ ರೇಖೆ ಸಾಕ್ಷಿ. ಅಮೈನಿನ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇಟ್ಟು ನೋಡುವುದು ಇನ್ನೊಂದು ಪರೀಕ್ಷೆ. ಪ್ರೋಟಾನ್ ಸಾಗಣೆಯೇ ನಿಧಾನದ ಹಂತವಾಗಿದ್ದರೆ ಭಾರದ ಹೈಡ್ರೋಜನ್ ವೇಗವನ್ನು ತಗ್ಗಿಸಬೇಕು, ದಾಳಿಯೇ ನಿಧಾನವಾಗಿದ್ದರೆ ಅಷ್ಟಾಗಿ ತಗ್ಗಿಸಬಾರದು.

ಇಲ್ಲಿ ಎಡವುವುದು ನೀರಿನಿಂದಲೇ. ಸೈಕ್ಲೋಹೆಕ್ಸೇನಿನಲ್ಲಿ ನೀರು ಕರಗುವುದೇ ಇಲ್ಲವೆಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವವಾಗಿ ಲೀಟರಿಗೆ ಕೆಲವು ಮಿಲಿಮೋಲ್ ಕರಗುತ್ತದೆ, ಅಂದರೆ ಕುವೆಟ್ಟಿನಲ್ಲಿರುವ ನೈಟ್ರೈಟಿನಷ್ಟೋ ಅದಕ್ಕಿಂತ ಹೆಚ್ಚೋ. ಪ್ರೋಟಾನ್ ಸಾಗಿಸಲು ನೀರಿಗಿಂತ ಒಳ್ಳೆಯ ಕೂಲಿ ಇಲ್ಲ. ದ್ರಾವಕವನ್ನು ಸರಿಯಾಗಿ ಒಣಗಿಸದೆ ಅಳೆದ ವೇಗದಲ್ಲಿ ಯಾರ ಪಾಲು ಎಷ್ಟು ಎಂದು ಹೇಳಲಾಗದು. ಒಂದು ದಿನ ಬಂದ ಅಂಕಿ ಮರುದಿನ ಬರದಿದ್ದರೆ ಅಮೈನನ್ನು ಅನುಮಾನಿಸುವ ಮೊದಲು ದ್ರಾವಕದ ಬಾಟಲಿಯನ್ನು ಅನುಮಾನಿಸಬೇಕು.

ದ್ರಾವಕದ ಸಣ್ಣ ಬದಲಾವಣೆಗಳೂ ಕತೆ ಬದಲಿಸುತ್ತವೆ. ಡಯಾಕ್ಸೇನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸೈಕ್ಲೋಹೆಕ್ಸೇನಿನಷ್ಟೇ ಕಡಿಮೆ, ಆದರೆ ಅದರ ಆಮ್ಲಜನಕಗಳು ಹೈಡ್ರೋಜನ್ ಬಂಧ ಸ್ವೀಕರಿಸಬಲ್ಲವು. ಕ್ಲೋರೋಫಾರ್ಮ್ ತನ್ನ ಹೈಡ್ರೋಜನ್ನನ್ನು ಅಮೈನಿನ ಇಲೆಕ್ಟ್ರಾನ್ ಜೋಡಿಗೆ ಚಾಚುತ್ತದೆ, ದಾಳಿ ಮಾಡಬೇಕಾದವನ ಕೈಯನ್ನೇ ಹಿಡಿದುಕೊಂಡಂತೆ. ಅಸಿಟೋನೈಟ್ರೈಲಿನ ಸ್ಥಿರಾಂಕ ಸುಮಾರು 36, ಅಲ್ಲಿ ಮಧ್ಯವರ್ತಿಗೆ ಸ್ವಲ್ಪ ಆಸರೆ ಸಿಗುತ್ತದೆ. ಆದ್ದರಿಂದ ‘ಅಧ್ರುವೀಯ’ ಎಂಬ ಒಂದೇ ಹಣೆಪಟ್ಟಿಯಡಿ ಎಲ್ಲವನ್ನೂ ತುಂಬುವುದು ನನಗೆ ಸರಿ ಕಾಣುವುದಿಲ್ಲ. ದ್ರಾವಕ ಹೈಡ್ರೋಜನ್ ಬಂಧ ಕೊಡುತ್ತದೋ, ತೆಗೆದುಕೊಳ್ಳುತ್ತದೋ, ಎರಡೂ ಇಲ್ಲವೋ ಎಂಬುದನ್ನು ಬೇರೆಯಾಗಿ ಕೇಳಬೇಕು.

ನೈಟ್ರೈಟಿನ ಕಡೆಯ ಲೆಕ್ಕ ಸರಳ. ಬಿಟ್ಟುಹೋಗುವ ಆಲ್ಕೋಹಾಲ್ ಹೆಚ್ಚು ಆಮ್ಲೀಯವಾದಷ್ಟೂ ಕ್ರಿಯೆ ಚುರುಕು. ಮೂರು ಕ್ಲೋರಿನ್ ಹೊತ್ತ ಟ್ರೈಕ್ಲೋರೊಈಥೈಲ್ ನೈಟ್ರೈಟ್ ಬಹಳ ಬೇಗ, ಟರ್ಷಿಯರಿ ಬ್ಯೂಟೈಲ್ ನೈಟ್ರೈಟ್ ಬಹಳ ನಿಧಾನ.

ಆಮ್ಲವೇ ಬೇಡದ ದಾರಿ

ಆಲ್ಕೈಲ್ ನೈಟ್ರೈಟ್ ಕ್ರಿಯಾವಿಧಾನವನ್ನು ಬಿಡಿಸಿ ನೋಡಲು ಅನುಕೂಲ. ಹೊರಜಗತ್ತಿನಲ್ಲಿ ಹೆಚ್ಚು ಅಪಾಯ ಒಡ್ಡುವುದು ಸಾರಜನಕದ ಆಕ್ಸೈಡುಗಳು. ಟ್ರೈಆಕ್ಸೈಡ್, ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ಸೇರಿ ಆಗುವ ಟೆಟ್ರಾಕ್ಸೈಡ್, ಎರಡಕ್ಕೂ ಆವೇಶವಿಲ್ಲ, ಹಾಗಾಗಿ ಎಣ್ಣೆಯಂಥ ದ್ರಾವಕಗಳಲ್ಲಿ ನಿರಾಯಾಸವಾಗಿ ಕರಗುತ್ತವೆ. ನೀರಿನಲ್ಲಿ ಮಿಲಿಸೆಕೆಂಡುಗಳ ಆಯಸ್ಸಿದ್ದ ಟ್ರೈಆಕ್ಸೈಡನ್ನು ಒಡೆಯಲು ಇಲ್ಲಿ ನೀರೇ ಇಲ್ಲ. ಅಮೈನ್ ಪೂರ್ತಿ ಮುಕ್ತ. ಕೊಲ್ಲುವವನು ಇಲ್ಲ, ಗುರಿ ತೆರೆದಿದೆ. 1970ರ ದಶಕದ ಕೊನೆಯಲ್ಲಿ ಚಾಲಿಸ್ ಮತ್ತು ಕಿರ್ಟೋಪೌಲೋಸ್ ಈ ಅನಿಲರೂಪದ ಆಕ್ಸೈಡುಗಳು ತಟಸ್ಥ ಮತ್ತು ಕ್ಷಾರೀಯ ದ್ರಾವಣಗಳಲ್ಲೂ ಅಮೈನುಗಳನ್ನು ಬಲುಬೇಗ ನೈಟ್ರೋಸಮೀನಾಗಿಸುವುದನ್ನು ತೋರಿಸಿದರು. ‘ಆಮ್ಲ ಇಲ್ಲದಿದ್ದರೆ ನೈಟ್ರೋಸೇಷನ್ ಇಲ್ಲ’ ಎಂಬ ನಂಬಿಕೆಗೆ ಅಲ್ಲಿಗೇ ಪೆಟ್ಟು ಬಿತ್ತು.

ಟೆಟ್ರಾಕ್ಸೈಡಿನಲ್ಲೂ ಎರಡನೇ ಅಮೈನ್ ಬೇಕು, ಆದರೆ ಬೇರೆ ಅರ್ಥದಲ್ಲಿ. ಅದು ನೈಟ್ರೋಸೊ ಗುಂಪನ್ನು ಕೊಟ್ಟು ನೈಟ್ರೇಟಾಗಿ ಬಿಟ್ಟುಹೋಗುತ್ತದೆ, ಹೊರಬಿದ್ದ ಪ್ರೋಟಾನನ್ನು ಎರಡನೇ ಅಮೈನ್ ಹಿಡಿದು ನೈಟ್ರೇಟ್ ಲವಣವಾಗಿ ಉಳಿದುಬಿಡುತ್ತದೆ. ಆಲ್ಕೈಲ್ ನೈಟ್ರೈಟಿನಲ್ಲಿ ಸಹಾಯಕ್ಕೆ ಬಂದು ಮರಳಿ ಹೋಗುತ್ತಿದ್ದವನು ಇಲ್ಲಿ ಖರ್ಚಾಗುತ್ತಾನೆ. ಸಮೀಕರಣದಲ್ಲಿ ಎರಡು ಅಮೈನ್ ಇರುವುದೂ ವೇಗದ ಸೂತ್ರದಲ್ಲಿ ಅಮೈನಿನ ವರ್ಗ ಇರುವುದೂ ಒಂದೇ ಎಂದು ಗೊಂದಲ ಮಾಡಿಕೊಳ್ಳಬಾರದು. ಮೊದಲನೆಯದು ಎಷ್ಟು ಬೇಕು ಎನ್ನುತ್ತದೆ, ಎರಡನೆಯದು ನಿಧಾನದ ಹಂತದ ಹೊತ್ತಿಗೆ ಯಾರಿದ್ದರು ಎನ್ನುತ್ತದೆ. ಅಯಾನುಗಳ ದಾರಿ ದುಬಾರಿಯಾದ ಕಡೆ ರ‍್ಯಾಡಿಕಲ್ ದಾರಿಯೂ, ಅಂದರೆ ಜೊತೆಯಿಲ್ಲದ ಇಲೆಕ್ಟ್ರಾನ್ ಹೊತ್ತ ಅಣುಗಳ ದಾರಿಯೂ, ಪೈಪೋಟಿಗೆ ಇಳಿಯುತ್ತದೆ: ನೈಟ್ರೋಜನ್ ಡೈಆಕ್ಸೈಡ್ ಅಮೈನಿನ ಹೈಡ್ರೋಜನ್ನನ್ನು ಕಿತ್ತುಕೊಂಡರೆ ಉಳಿಯುವ ರ‍್ಯಾಡಿಕಲನ್ನು ನೈಟ್ರಿಕ್ ಆಕ್ಸೈಡ್ ಹಿಡಿಯುತ್ತದೆ, ಫಲ ಮತ್ತದೇ ನೈಟ್ರೋಸಮೀನ್.

ಈ ಆಕ್ಸೈಡುಗಳು ಎಲ್ಲಿಂದ ಬರುತ್ತವೆ? ನೈಟ್ರಿಕ್ ಆಕ್ಸೈಡ್ ತಾನಾಗಿ ಅಮೈನನ್ನು ನೈಟ್ರೋಸಮೀನ್ ಮಾಡುವುದು ಕಡಿಮೆ. ಆಮ್ಲಜನಕವನ್ನು ಪೂರ್ತಿ ಹೊರಗಿಟ್ಟು ಈಥರಿನಲ್ಲಿ ಅಮೈನಿನ ಜೊತೆ ಒತ್ತಡದಲ್ಲಿ ಬೆರೆಸಿದರೆ ಎರಡು ನೈಟ್ರಿಕ್ ಆಕ್ಸೈಡ್ ಒಟ್ಟಿಗೆ ಅಂಟಿಕೊಂಡ ಬೇರೆಯೇ ಸಂಯುಕ್ತ ಸಿಗುತ್ತದೆ. ಆಮ್ಲಜನಕ ಬಂದರೆ ಮಾತ್ರ ಅದು ಡೈಆಕ್ಸೈಡಾಗಿ, ಡೈಆಕ್ಸೈಡ್ ಇನ್ನೊಂದು ನೈಟ್ರಿಕ್ ಆಕ್ಸೈಡಿನ ಜೊತೆ ಸೇರಿ ಟ್ರೈಆಕ್ಸೈಡಾಗುತ್ತದೆ. ಆ ಮೊದಲ ಹೆಜ್ಜೆಯ ವೇಗ ನೈಟ್ರಿಕ್ ಆಕ್ಸೈಡಿನ ವರ್ಗಕ್ಕೂ ಆಮ್ಲಜನಕಕ್ಕೂ ಅನುಪಾತದಲ್ಲಿರುತ್ತದೆ:

ದರ = ಕ × [ನೈಟ್ರಿಕ್ ಆಕ್ಸೈಡ್]² × [ಆಮ್ಲಜನಕ]

ಅನಿಲರೂಪದಲ್ಲಿ ಈ ಕ್ರಿಯೆ ಬಿಸಿ ಮಾಡಿದಷ್ಟೂ ನಿಧಾನವಾಗುತ್ತದೆ. ಬಿಸಿ ಹೆಚ್ಚಿದರೆ ವೇಗ ಹೆಚ್ಚಬೇಕು ಎಂಬ ಅಭ್ಯಾಸಕ್ಕೆ ಇದು ವಿಚಿತ್ರ. ಕಾರಣ, ಮೊದಲು ಒಂದು ಸಡಿಲ ಜೋಡಿ ಆಗಬೇಕು, ಶಾಖ ಆ ಜೋಡಿಯನ್ನು ಬಿಡಿಸಿಬಿಡುತ್ತದೆ. ಆವೇಶಕ್ಕೆ ಆಸರೆಯಿಲ್ಲದ ದ್ರಾವಕದಲ್ಲಿ ಅಮೈನ್ ಮತ್ತು ನೈಟ್ರೈಟಿನ ಮಧ್ಯವರ್ತಿಗೂ ಇದೇ ಲೆಕ್ಕ ಹೊಂದಬಹುದು. ಮೊದಲ ಸಮತೋಲನ ಶಾಖ ಬಿಡುವಂಥದ್ದಾದರೆ, ಒಟ್ಟು ವೇಗದ ಮೇಲೆ ಉಷ್ಣತೆಯ ಪ್ರಭಾವ ತೀರಾ ಕಡಿಮೆ ಕಾಣುತ್ತದೆ, ಕೆಲವೊಮ್ಮೆ ತಿರುವುಮುರುವಾಗಿಯೂ ಕಾಣುತ್ತದೆ.

ಕೊಬ್ಬಿನ ಒಳಗೆ

ಈಗ ಗ್ಲಾಸ್ಗೋ ಪ್ರಯೋಗಕ್ಕೆ ಮರಳಬಹುದು. ನೈಟ್ರಿಕ್ ಆಕ್ಸೈಡೂ ಆಮ್ಲಜನಕವೂ ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚು ಕರಗುತ್ತವೆ. ಮೇಲಿನ ಸೂತ್ರದಲ್ಲಿ ಒಂದು ವರ್ಗವಾಗಿಯೂ ಇನ್ನೊಂದು ಹಾಗೆಯೂ ಇದೆ, ಅಂದರೆ ಮೂರು ಬಾರಿ ಗುಣಾಕಾರ. ನೈಟ್ರಿಕ್ ಆಕ್ಸೈಡ್ ಕೊಬ್ಬಿನಲ್ಲಿ 9 ಪಟ್ಟು, ಆಮ್ಲಜನಕ 3 ಪಟ್ಟು ಸೇರಿಕೊಂಡರೆ ವೇಗ 9 × 9 × 3, ಅಂದರೆ 243 ಪಟ್ಟು ಏರುತ್ತದೆ. 1998ರಲ್ಲಿ ಲ್ಯಾಂಕಾಸ್ಟರ್ ಮತ್ತು ಸಹೋದ್ಯೋಗಿಗಳು ಜೀವಕೋಶದ ಪೊರೆಯ ಕೊಬ್ಬಿನ ಪದರದೊಳಗೆ ಈ ಕ್ರಿಯೆ ಸುತ್ತಲಿನ ನೀರಿಗಿಂತ ಸುಮಾರು 300 ಪಟ್ಟು ವೇಗವಾಗಿ ನಡೆಯುತ್ತದೆ ಎಂದು ವರದಿ ಮಾಡಿದರು. ಗಮನಿಸಬೇಕಾದ್ದು, ವೇಗಸ್ಥಿರಾಂಕ ಹೆಚ್ಚುಕಡಿಮೆ ಅದೇ ಇದೆ. ಕೊಬ್ಬು ಕ್ರಿಯೆಯನ್ನು ಸುಲಭ ಮಾಡಲಿಲ್ಲ, ಕ್ರಿಯೆಗೆ ಬೇಕಾದವರನ್ನು ಇಕ್ಕಟ್ಟಾದ ಜಾಗದಲ್ಲಿ ಒಟ್ಟುಗೂಡಿಸಿತು, ಅಷ್ಟೆ.

ಆಸ್ಕಾರ್ಬಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತು. ನೀರಿನ ಭಾಗದಲ್ಲಿ ಅದು ನೈಟ್ರೋಸೇಷನ್ ಮಾಡುವ ಅಣುಗಳನ್ನೆಲ್ಲ ಅಪಕರ್ಷಿಸಿ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ. ಬರೀ ನೀರಿದ್ದರೆ ಅಲ್ಲಿಗೆ ಕೆಲಸ ಮುಗಿದಂತೆ, ಏಕೆಂದರೆ ಮತ್ತೆ ಟ್ರೈಆಕ್ಸೈಡ್ ಹುಟ್ಟಿದರೂ ಆಸ್ಕಾರ್ಬಿಕ್ ಆಮ್ಲ ಪಕ್ಕದಲ್ಲೇ ಇದೆ. ಕೊಬ್ಬು ಇದ್ದಾಗ ನೈಟ್ರಿಕ್ ಆಕ್ಸೈಡ್ ಗಡಿ ದಾಟಿ ಒಳಹೋಗುತ್ತದೆ. ಒಳಗೆ ಆಮ್ಲಜನಕ ಕಾದಿದೆ, ಟ್ರೈಆಕ್ಸೈಡ್ ಮತ್ತೆ ಹುಟ್ಟುತ್ತದೆ. ಅದನ್ನು ಒಡೆಯಲು ಅಲ್ಲಿ ನೀರಿಲ್ಲ, ಅಪಕರ್ಷಿಸಲು ಆಸ್ಕಾರ್ಬಿಕ್ ಆಮ್ಲ ಇಲ್ಲ. ಇರುವುದು ಕೊಬ್ಬಿನೊಳಕ್ಕೆ ನುಸುಳಿದ ಅಮೈನ್, ಅದೂ ಪ್ರೋಟಾನಿನ ಹಿಡಿತ ಬಿಡಿಸಿಕೊಂಡು ಬಂದದ್ದು. ಆವೇಶ ಹೊತ್ತ ಅಮೋನಿಯಂ ರೂಪಕ್ಕೆ ಗಡಿ ದಾಟಲು ಆಗುವುದಿಲ್ಲವಾದ್ದರಿಂದ ಕೊಬ್ಬಿನೊಳಗೆ ಕರಗಿರುವ ಅಮೈನ್ ಮುಕ್ತ ರೂಪದ್ದೇ. ಅಮೈನ್ ಎಣ್ಣೆಸ್ನೇಹಿಯಾದಷ್ಟೂ ಒಳಹೋಗುವುದು ಹೆಚ್ಚು ಎಂದಿಟ್ಟುಕೊಂಡರೆ, ಡೈಮೀಥೈಲಿನಿಂದ ಡೈಈಥೈಲಿಗೆ, ಅಲ್ಲಿಂದ ಪಿಪೆರಿಡೀನಿಗೆ 8, 60, 140 ಎಂದು ಅಂಕಿಗಳು ಏರಿದ ಕ್ರಮವೂ ಅದಕ್ಕೆ ಒಪ್ಪುತ್ತದೆ. ಇದು ನಾನು ಓದುವ ರೀತಿ.

ಇದೇ ಕಣ್ಣಿನಿಂದ ಕಾರ್ಖಾನೆಗಳನ್ನೂ ನೋಡಬಹುದು. ರಬ್ಬರನ್ನು ಗಟ್ಟಿಗೊಳಿಸಲು ಬಳಸುವ ಕೆಲವು ವೇಗವರ್ಧಕಗಳು ಬಿಸಿಯಲ್ಲಿ ಒಡೆದು ಸೆಕೆಂಡರಿ ಅಮೈನುಗಳನ್ನು ಬಿಡುತ್ತವೆ. ರಬ್ಬರ್ ಎಂದರೆ ಅಪ್ಪಟ ಅಧ್ರುವೀಯ ಮಾಧ್ಯಮ, ಗಾಳಿಯಲ್ಲಿರುವ ಸಾರಜನಕದ ಆಕ್ಸೈಡುಗಳು ಅದರೊಳಗೆ ಸಲೀಸಾಗಿ ಇಳಿಯುತ್ತವೆ. ಅಲ್ಲಿ ಆಮ್ಲವೂ ಇಲ್ಲ, ನೀರೂ ಇಲ್ಲ, ಆದರೂ ನೈಟ್ರೋಸಮೀನ್ ಸಿಗುತ್ತದೆ. 2018ರ ಜುಲೈನಲ್ಲಿ ರಕ್ತದೊತ್ತಡದ ವಾಲ್ಸಾರ್ಟಾನ್ ಮಾತ್ರೆಗಳನ್ನು ಹಲವು ದೇಶಗಳು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಂಡದ್ದಕ್ಕೂ ಕಾರಣ ಡೈಮೀಥೈಲ್ ನೈಟ್ರೋಸಮೀನ್. ತಯಾರಿಕೆಯಲ್ಲಿ ಬಳಸಿ ಉಳಿದ ಅಜೈಡ್ ಎಂಬ ರಾಸಾಯನಿಕವನ್ನು ನಾಶಮಾಡಲು ನೈಟ್ರೈಟ್ ಹಾಕಿದ್ದರು, ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ ಒಡೆದು ಡೈಮೀಥೈಲಮೀನ್ ಕೊಟ್ಟಿತ್ತು. ಆ ದ್ರಾವಕ ಧ್ರುವೀಯವೇ, ಸೈಕ್ಲೋಹೆಕ್ಸೇನಿನಂಥದ್ದಲ್ಲ. ಆದರೆ ಆ ಬಳಿಕ ನಡೆದ ತನಿಖೆಗಳಲ್ಲಿ ಮರುಬಳಕೆಗೆಂದು ಶುದ್ಧೀಕರಿಸಿದ ದ್ರಾವಕಗಳ ಮೂಲಕವೂ ಕಲ್ಮಶ ಒಂದು ಉತ್ಪನ್ನದಿಂದ ಇನ್ನೊಂದಕ್ಕೆ ದಾಟಿದ್ದು ಬೆಳಕಿಗೆ ಬಂತು. ನೀರಿನ ಪದರವನ್ನು ತೊಳೆದು ಚೆಲ್ಲಿದೆವು, ನೈಟ್ರೈಟ್ ಅದರ ಜೊತೆ ಹೋಯಿತು ಎಂದುಕೊಂಡ ಹಂತದಲ್ಲಿ, ಮೇಲಿನ ಸಾವಯವ ಪದರದೊಳಗೆ ಆವೇಶವಿಲ್ಲದ ಆಕ್ಸೈಡುಗಳೂ ಆಲ್ಕೈಲ್ ನೈಟ್ರೈಟುಗಳೂ ಮುಕ್ತ ಅಮೈನೂ ಒಟ್ಟಿಗೇ ಉಳಿದಿರಬಹುದು. ಪ್ರತ್ಯಾಮ್ಲ ಹಾಕಿ ತೊಳೆದರೆ ಆ ಪದರದ ಅಮೈನ್ ಇನ್ನಷ್ಟು ಮುಕ್ತವಾಗುತ್ತದೆ.

ತಡೆಯುವವರೂ ಇದೇ ಕ್ರಿಯಾವಿಧಾನದಿಂದ ದಾರಿ ಕಂಡುಕೊಂಡಿದ್ದಾರೆ. ನೀರಿನ ಭಾಗಕ್ಕೆ ಆಸ್ಕಾರ್ಬಿಕ್ ಆಮ್ಲ ಇದ್ದಂತೆ ಕೊಬ್ಬಿನ ಭಾಗಕ್ಕೂ ಒಬ್ಬ ಕಾವಲುಗಾರ ಬೇಕು. ವಿಟಮಿನ್ ಇ ಎಂದು ನಾವು ಕರೆಯುವ ಟೊಕೊಫೆರಾಲ್ ಎಣ್ಣೆಯಲ್ಲಿ ಕರಗುತ್ತದೆ. ಆಸ್ಕಾರ್ಬಿಕ್ ಆಮ್ಲಕ್ಕೆ ಉದ್ದನೆಯ ಕೊಬ್ಬಿನ ಬಾಲ ಕಟ್ಟಿ ಮಾಡಿದ ಆಸ್ಕಾರ್ಬೈಲ್ ಪಾಮಿಟೇಟ್ ಕೂಡ ಕೊಬ್ಬಿನ ಕಡೆಗೇ ಹೋಗಿ ನಿಲ್ಲುತ್ತದೆ. ಇವೆರಡೂ ಟ್ರೈಆಕ್ಸೈಡನ್ನು ಅದು ಹುಟ್ಟಿದ ಜಾಗದಲ್ಲೇ ಎದುರಿಸುತ್ತವೆ. ಇನ್ನೊಂದು ದಾರಿ ಆಮ್ಲಜನಕವನ್ನೇ ಹೊರಗಿಡುವುದು. ಹಾಗೆ ಮಾಡಿದರೆ ಕೊಬ್ಬಿನೊಳಗೆ ಸೇರಿದ ನೈಟ್ರಿಕ್ ಆಕ್ಸೈಡ್ ಅಲ್ಲೇ ಕರಗಿರುತ್ತದೆ, ಪಕ್ಕದಲ್ಲಿ ಮುಕ್ತ ಅಮೈನ್ ಇದ್ದರೂ ಟ್ರೈಆಕ್ಸೈಡ್ ಹುಟ್ಟುವುದಿಲ್ಲ.